ಕರೆಂಟು ನಮ್ಮ ನೆಲದ್ದು, ಗುಂಡಿ ಮಾತ್ರ ಇಂಗ್ಲಿಷಿನದೇ?



ಬೆಂಗಳೂರಿನಲ್ಲಿ ಕೂತು ದುಡಿಯುತ್ತಿರುವ ನಿಮ್ಮಲ್ಲಿ ಸೊರಬ, ಶಿಕಾರಿಪುರದ ಕಡೆಯವರು ಎಷ್ಟು ಮಂದಿ? ಈ ಮಾತು ಮೊದಲು ನಿಮಗೆ. ಉಳಿದವರೂ ಕೇಳಿಸಿಕೊಳ್ಳಿ, ನಿಮ್ಮೂರಿನ ಕಥೆಯೂ ಬೇರೆಯಲ್ಲ.

ಸೊರಬದ ಪಕ್ಕದ ಸಾಗರ ತಾಲೂಕಿನಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಊರುಗಳು ಮುಳುಗಿದವು, ಜನ ಗಂಟುಮೂಟೆ ಕಟ್ಟಿದರು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿಗೆ ಬೆಳಕು ಕೊಟ್ಟ ಜಿಲ್ಲೆ ಇದು! ಆದರೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಇದೇ ಜಿಲ್ಲೆಯ ಹಳ್ಳಿಮನೆ ಕತ್ತಲಲ್ಲಿ ಕೂರಬೇಕು.

ಆ ಮನೆಯಲ್ಲಿ ಈಗ ಲ್ಯಾಪ್‌ಟಾಪ್ ಇದೆ. ನಿಮ್ಮ ತಂಗಿ ಅದರಲ್ಲಿ ಕಾಲೇಜಿನ ವರದಿ ಬರೆಯುತ್ತಾಳೆ. ಕರೆಂಟು ಹೋಗುತ್ತದೆ. ಮುಚ್ಚಳ ಮುಚ್ಚಿ ಮಲಗುತ್ತಾಳೆ. ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ, ಉಳಿಸದೆ ಬಿಟ್ಟ ಬರಹವೂ ಅದರ ಜೊತೆ ಹೋಗಿರುತ್ತದೆ. ತಪ್ಪು ಯಾರದು? ಇದನ್ನು ತಡೆಯುವ ಆಯ್ಕೆಗಳು ಅದೇ ಯಂತ್ರದೊಳಗಿವೆ. ಅವು ಅವಳಿಗೆ ತಿಳಿಯುವ ಮಾತಿನಲ್ಲಿ ಇಲ್ಲ, ಅಷ್ಟೆ.

ಮೊದಲು ವಿಷಯ ತಿಳಿದುಕೊಳ್ಳಿ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ‘ಸ್ಲೀಪ್’ಗೆ ಹೋಗುತ್ತದೆ. ಇದು ಕೋಳಿನಿದ್ದೆ. ತೆರೆದ ಕೆಲಸವೆಲ್ಲ ನೆನಪಿನ ಚಿಪ್ಪಿನಲ್ಲೇ ಇರುತ್ತದೆ, ಅದನ್ನು ಹಿಡಿದಿಡಲು ಬ್ಯಾಟರಿ ಸ್ವಲ್ಪ ಸ್ವಲ್ಪವೇ ಸೋರುತ್ತಿರುತ್ತದೆ. ‘ಹೈಬರ್ನೇಟ್’ ಹಾಗಲ್ಲ. ಬೇಸಿಗೆಯಲ್ಲಿ ಮಣ್ಣಿನೊಳಗೆ ಹುದುಗಿ ಮಳೆಗೆ ಎದ್ದು ಬರುವ ಕಪ್ಪೆಯ ನಿದ್ದೆ ಅದು. ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರಿಹೋಗುತ್ತದೆ. ಮೂರು ದಿನ ಕರೆಂಟು ಬರದಿದ್ದರೂ ಬಿಟ್ಟಲ್ಲಿಂದಲೇ ಏಳುತ್ತದೆ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ಗೆ ಹೋಗಿ. ಬ್ಯಾಟರಿಯಲ್ಲಿ ನಡೆಯುವಾಗ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಲಿ ಎಂದು ಆರಿಸಿ. ಬ್ಯಾಟರಿ ತಳ ಮುಟ್ಟಿದಾಗಲೂ ಹೈಬರ್ನೇಟ್ ಆಗುವಂತಿದೆಯೇ ನೋಡಿ. ಹಳೆಯ ಬ್ಯಾಟರಿಯ ಲೆಕ್ಕ ನಂಬಬೇಡಿ. ಶೇ. 10 ಎಂದು ತೋರಿಸುತ್ತಲೇ ಪಟ್ಟನೆ ಆರುವುದುಂಟು. ಅಂಥದ್ದಕ್ಕೆ ಆ ತಳದ ಮಿತಿಯನ್ನೇ ಮೇಲಕ್ಕೆ ಏರಿಸಿ. ಪರದೆಯ ಬೆಳಕು ತಗ್ಗಿಸಿ, ಎರಡು ನಿಮಿಷ ಮುಟ್ಟದಿದ್ದರೆ ಪರದೆ ಆರಲಿ. ಇಡೀ ದಿನ ಚಾರ್ಜಿಗೆ ಹಾಕಿಯೇ ಇಡುವವರು, ಕಂಪನಿ ಅವಕಾಶ ಕೊಟ್ಟಿದ್ದರೆ, ಶೇ. 80ಕ್ಕೆ ಚಾರ್ಜು ನಿಲ್ಲುವಂತೆ ಮಾಡಿ. ಬ್ಯಾಟರಿಯ ಆಯುಸ್ಸು ಹೆಚ್ಚುತ್ತದೆ.

ಇಷ್ಟೇ. ಹತ್ತು ನಿಮಿಷದ ಕೆಲಸ. ಇದಕ್ಕೆ ಎಂಜಿನಿಯರಿಂಗ್ ಓದಬೇಕೇ? ಬೇಡ. ಇಂಗ್ಲಿಷ್ ಓದಬೇಕು! ಇಲ್ಲಿರುವುದು ಇದೇ ಅನ್ಯಾಯ.

ವಿಂಡೋಸ್‌ಗೆ ಕನ್ನಡದ ತೋರಿಕೆ ಇದೆ. ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡ ಸೇರಿಸಿಕೊಳ್ಳಬಹುದು. ಆದರೆ ಅದು ಅರೆಬರೆ. ಕೆಲವು ಪುಟ ಕನ್ನಡ, ಕೆಲವು ಇಂಗ್ಲಿಷ್. ಇನ್ನೊಂದು ಕಿತಾಪತಿಯೂ ಉಂಟು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಬರುವುದು ‘ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿ. ಹೆಸರೇ ಹೇಳುವಂತೆ ಅದರ ಪರವಾನಗಿ ಒಂದೇ ತೋರಿಕೆಯ ಭಾಷೆಗೆ. ಆ ಒಂದು ಭಾಷೆ ಯಾವುದಿರಬೇಕೆಂದು ಹಣ ಎಣಿಸಿಕೊಟ್ಟ ಸೊರಬದ ರೈತನನ್ನು ಕೇಳಿದವರು ಯಾರು?

“ಇಂಗ್ಲಿಷ್ ಕಲಿತರಾಯಿತಪ್ಪ, ಇದಕ್ಕೇನು ಗಲಾಟೆ” ಎನ್ನುವವರು ನಿಮ್ಮ ಆಫೀಸಿನಲ್ಲೇ ಇದ್ದಾರೆ. ಅವರಿಗೆ ಹೇಳಿ: ಇಂಗ್ಲಿಷ್ ಕಲಿಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ತನ್ನ ದುಡ್ಡಿನಲ್ಲಿ ಕೊಂಡ ಯಂತ್ರ ಹೇಗೆ ಆರಬೇಕೆಂದು ಹೇಳಲು ಪರಭಾಷೆಯ ಪರೀಕ್ಷೆ ಪಾಸಾಗಬೇಕೇ? ಸೊರಬದ ಗುಡಿಗಾರರು ಗಂಧದ ಮರದಲ್ಲಿ ದೇವರನ್ನು ಕೆತ್ತುವ ಕುಶಲಿಗರು. ಅವರ ಉಳಿ ಅವರ ಕೈಯ ಮಾತು ಕೇಳುತ್ತದೆ. ಲ್ಯಾಪ್‌ಟಾಪೂ ಒಂದು ಉಳಿಯೇ ಅಲ್ಲವೇ?

ಹಾಗಾದರೆ ಮಾಡಬೇಕಾದ್ದೇನು? ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಲ್ಯಾಪ್‌ಟಾಪ್ ಬಿಚ್ಚಿ ಮೇಲಿನ ಆಯ್ಕೆಗಳನ್ನು ಹಾಕಿ. ನೀವೇ ಮಾಡಿ ಎದ್ದು ಬರಬೇಡಿ. ತಂಗಿಯ ಕೈಯಲ್ಲೇ ಮಾಡಿಸಿ, ಕನ್ನಡದಲ್ಲಿ ವಿವರಿಸಿ. ಹೊಸದು ಕೊಳ್ಳುವಾಗ ಅಂಗಡಿಯವನನ್ನು ಕೇಳಿ: “ಕನ್ನಡದಲ್ಲಿ ತೋರಿಸು, ಆಮೇಲೆ ಬೆಲೆ ಹೇಳು.” ಅವನು ನಕ್ಕರೆ ನಗಲಿ. ಹತ್ತು ಜನ ಕೇಳಿದ ಮೇಲೆ ನಗುವುದಿಲ್ಲ. ಲಿನಕ್ಸ್ ಬಲ್ಲವರು ಅದರ ಕನ್ನಡ ಅನುವಾದಕ್ಕೆ ಕೈ ಹಾಕಿ. ಯಾರ ಅಪ್ಪಣೆಯೂ ಬೇಡದ ಕೆಲಸ ಅದು. ಈಗಿರುವ ಕನ್ನಡ ಒರಟು ಎನ್ನಬೇಡಿ. ಬಳಸಿ, ತಪ್ಪು ಕಂಡಲ್ಲಿ ತಿದ್ದಿ, ಕಂಪನಿಗೆ ಬರೆಯಿರಿ. ಬಳಸುವವರಿಲ್ಲದ ಭಾಷೆಗೆ ಯಾವ ಕಂಪನಿಯೂ ಗುಂಡಿ ಮಾಡುವುದಿಲ್ಲ.

ನವೆಂಬರ್‌ನಲ್ಲಿ ಬಾವುಟ ಹಾರಿಸುವ ಕೈಗಳೇ, ಊರಿನ ಒಂದೊಂದು ಲ್ಯಾಪ್‌ಟಾಪನ್ನೂ ಕನ್ನಡಕ್ಕೆ ತಿರುಗಿಸಿ. ಮಳೆ ಕಾಯುವುದಿಲ್ಲ!