ಹಿತ್ತಲ ಕಲ್ಲೂ ಮದ್ದೇ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಸುಳ್ಳಾಗಿಸಲು ಅಮೃತಬಳ್ಳಿ, ಲೋಳೆಸರ, ತುಂಬೆಗಳ ಗುಣಗಳನ್ನು ಈ ಪುಟಗಳಲ್ಲಿ ಹಲವು ಬಾರಿ ವಿವರಿಸಿದ್ದೇವೆ. ಈ ತಿಂಗಳು ಗಿಡವನ್ನು ಬಿಟ್ಟು, ಅದರ ಬುಡದಲ್ಲಿರುವ ಕಲ್ಲಿನತ್ತ ಸದ್ಭಕ್ತರ ಗಮನವನ್ನು ಸೆಳೆಯಬಯಸುತ್ತೇವೆ. ಮಳೆಗಾಲಕ್ಕೆ ಮೊದಲು ಹಿತ್ತಲ ಫರಸಿಯನ್ನು ಎತ್ತಿ ಸಮವಾಗಿ ಹಾಸಿಸುವುದು, ಮನೆಯ ಹಿರಿಯರಿಗೆ ಕೊಡಿಸುವ ಯಾವ ಔಷಧಿಗೂ ಕಡಿಮೆಯದಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಮಾತನ್ನು ನಾವು ಗ್ರಂಥದಿಂದ ಕಲಿತಿಲ್ಲ. ನಮ್ಮ ಮನೆಯ ಹಿತ್ತಲಿನಲ್ಲಿ ಬಿಲ್ವವೃಕ್ಷವೊಂದಿದೆ. ನಮ್ಮ ತಾಯಿಯವರು ಪ್ರತಿದಿನ ಮುಂಜಾನೆ ಸ್ನಾನ ಮುಗಿಸಿ, ಇಷ್ಟಲಿಂಗ ಪೂಜೆಗೆಂದು ತಾವೇ ಹೋಗಿ ಪತ್ರೆ ತರುತ್ತಿದ್ದರು. ಬಚ್ಚಲಿಗೂ ಆ ಗಿಡಕ್ಕೂ ನಡುವೆ ಒಂದು ಫರಸಿ ಅಲುಗಾಡುತ್ತಿತ್ತು. ಕಾಲಿಟ್ಟರೆ ಅದರ ಅಡಿಯಿಂದ ಕೆಸರು ನೀರು ಚಿಮ್ಮುತ್ತಿತ್ತು. ನಾವು ಎರಡು ಬಾರಿ ಅದರ ಅಂಚಿಗೆ ಸಿಮೆಂಟು ಮೆತ್ತಿಸಿ ಸುಮ್ಮನಾದೆವು. ಶ್ರಾವಣದ ಒಂದು ನಸುಕಿನಲ್ಲಿ ತಾಯಿಯವರು ಅಲ್ಲಿಯೇ ಜಾರಿ ಬಿದ್ದರು. ತೊಡೆಯ ಮೂಳೆಯ ಕತ್ತು ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಗಾಯ ಮಾಯಿತು. ಆದರೆ ತಾವೇ ನಡೆದುಹೋಗಿ ಪತ್ರೆ ತರುವ ದಿನಗಳು ಮರಳಿ ಬರಲಿಲ್ಲ. “ಆ ಕಲ್ಲು ಅಲಗ್ಯಾಡ್ತದಂತ ಎರಡ ವರ್ಷಾತು ಹೇಳ್ಲತ್ತೀನಲ್ಲೋ ಯಪ್ಪಾ” ಎಂದು ಅವರು ಒಮ್ಮೆ ಮಾತ್ರ ಹೇಳಿದರು. ಊರಿಗೆಲ್ಲ ಪಥ್ಯ ಹೇಳುವ ವೈದ್ಯರಾದ ನಮಗೆ ಆ ಮಾತಿಗೆ ಉತ್ತರವಿರಲಿಲ್ಲ.

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದವರಿಗೆ ಫರಸಿ ದುರ್ಲಭವಲ್ಲ. ಪದರುಪದರಾಗಿ ಏಳುವ ಈ ಸುಣ್ಣದ ಕಲ್ಲು ಶಹಾಬಾದ್ ಎಂಬ ಹೆಸರನ್ನೇ ಹೊತ್ತು ದೂರದ ಊರುಗಳ ಅಂಗಳವನ್ನೂ ತಲುಪಿದೆ. ಇಂಥ ಕಲ್ಲಿನ ನಾಡಿನಲ್ಲಿಯೇ ಹಿತ್ತಲುಗಳು ಏಕೆ ಏರುಪೇರಾಗುತ್ತವೆ? ದೋಷವಿರುವುದು ಕಲ್ಲಿನಲ್ಲಲ್ಲ, ಅದರ ಕೆಳಗಿನ ಎರೆಮಣ್ಣಿನಲ್ಲಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ವರ್ಷವರ್ಷವೂ ಹೀಗೆ ಉಸಿರಾಡುವ ನೆಲದ ಮೇಲೆ ನೇರವಾಗಿ ಹಾಸಿದ ಕಲ್ಲು ನಿಲ್ಲುವುದಾದರೂ ಹೇಗೆ? ಬಚ್ಚಲ ನೀರು ಒಂದೇ ಕಡೆ ಇಂಗುತ್ತಿದ್ದರೆ ಆ ಭಾಗ ಬೇಗ ಕುಸಿಯುತ್ತದೆ. ಬೇವಿನ ಬೇರು ಹಾದಿದ್ದರೆ ಅಲ್ಲಿ ಕಲ್ಲು ಏಳುತ್ತದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿ ಹರಿದಾಗ ನೆಲ ಎಷ್ಟು ನೀರು ಕುಡಿಯಬಲ್ಲದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ.

ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಅಂದರೆ ರೋಗಕ್ಕೆ ಕಾರಣವಾದುದನ್ನು ದೂರಮಾಡುವುದು. ಅಲುಗಾಡುವ ಕಲ್ಲು ಲಕ್ಷಣ ಮಾತ್ರ. ನೀರು ಮತ್ತು ಎರೆಮಣ್ಣಿನ ಕೂಟವೇ ಕಾರಣ. ಅಂಚಿಗೆ ಸಿಮೆಂಟು ಮೆತ್ತುವುದು ನೋವಿನ ಗುಳಿಗೆ ನುಂಗಿದಂತೆ. ಕಲ್ಲಿನ ಮೇಲೆಯೇ ಕಾಂಕ್ರೀಟು ಸುರಿದರೂ ಅಡಿಯ ಮಣ್ಣು ಬದಲಾಗದ ಕಾರಣ ಕೆಲವು ಮಳೆಗಾಲಗಳಲ್ಲಿ ಅದೂ ಬಿರಿಯುತ್ತದೆ. ನುಣುಪಾದ ಟೈಲ್ಸ್ ಹಾಕಿಸುವುದಂತೂ ಒದ್ದೆಯ ಜಾಗದಲ್ಲಿ ಅಪಾಯವನ್ನು ಹಣಕೊಟ್ಟು ತಂದಂತೆ.

ಅನುಭವಿ ಗೌಂಡಿಗಳಿಂದ ತಿಳಿದು ನಾವು ಮಾಡಿಸಿದ ಕ್ರಮ ಹೀಗಿದೆ. ಫರಸಿಗಳನ್ನು ಹಾರೆಯಿಂದ ಎತ್ತಿ ಬದಿಗಿಡಬೇಕು. ಒಡೆಯದವನ್ನು ಮತ್ತೆ ಬಳಸಬಹುದು. ಒಂದು ಅಡಿಯಷ್ಟು ಎರೆಮಣ್ಣನ್ನು ತೆಗೆದು, ಅಲ್ಲಿ ಮುರುಮನ್ನು ಪದರುಪದರಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಯಬೇಕು. ಅದರ ಮೇಲೆ ಎರಡು ಅಂಗುಲ ಮರಳು ಅಥವಾ ಕಲ್ಲಿನ ಪುಡಿ ಹರಡಿ, ಪಾಲಿಶ್ ಮಾಡದ ಒರಟು ಮುಖ ಮೇಲಾಗುವಂತೆ ಫರಸಿ ಕೂಡಿಸಬೇಕು. ಗೋಡೆಯಿಂದ ಹೊರಕ್ಕೆ ಪ್ರತಿ ನಾಲ್ಕು ಅಡಿಗೆ ಒಂದು ಅಂಗುಲದಂತೆ ಇಳಿಜಾರು ಇರಲಿ. ಬಚ್ಚಲ ನೀರಿಗೆ ಬೇರೆ ಕಾಲುವೆ ಮಾಡಿ, ಗೋಡೆಯಿಂದ ದೂರದಲ್ಲಿ ಇಂಗುಗುಂಡಿ ತೋಡಬೇಕು. ಕೊನೆಗೆ ಒಂದು ಕೊಡ ನೀರು ಸುರಿದು ನೋಡಿರಿ; ಎಲ್ಲಿಯೂ ನಿಲ್ಲದೆ ಹರಿದುಹೋದರೆ ಕೆಲಸ ಸರಿಯಾಗಿದೆ.

ಪಾಚಿಯನ್ನು ತೆಗೆಯಲು ಅನೇಕರು ಆ್ಯಸಿಡ್ ಸುರಿಯುತ್ತಾರೆ. ಇದು ಸುಣ್ಣದ ಕಲ್ಲು. ಆ್ಯಸಿಡ್ ತಾಗಿದರೆ ನೊರೆಯೆದ್ದು ಕಲ್ಲೇ ಸವೆಯುತ್ತದೆ. ಅದರ ಹೊಗೆ ಶ್ವಾಸಕ್ಕೆ ಕೆಡುಕು. ಬ್ಲೀಚಿಂಗ್ ಪೌಡರಿನೊಂದಿಗೆ ಬೆರೆತರೆ ವಿಷಾನಿಲವೇ ಹುಟ್ಟುತ್ತದೆ. ಗಟ್ಟಿ ಪೊರಕೆಯಿಂದ ವಾರಕ್ಕೊಮ್ಮೆ ತಿಕ್ಕಿ ತೊಳೆದು, ಬಿಸಿಲು ಬೀಳುವಂತೆ ಟೊಂಗೆಗಳನ್ನು ಸವರಿದರೆ ಸಾಕು.

ವರ್ಷಾಋತುವಿನಲ್ಲಿ ವಾತ ಪ್ರಕೋಪಗೊಳ್ಳುತ್ತದೆ. ವಾರ್ಧಕ್ಯವೂ ವಾತಪ್ರಧಾನವಾದ ಕಾಲ. ಅಸ್ಥಿಯೇ ವಾತದ ಆಶ್ರಯಸ್ಥಾನ. ಈ ಮೂರೂ ಕೂಡಿದಾಗ ವೃದ್ಧರಿಗೆ ಸಣ್ಣ ಎಡವೂ ದೊಡ್ಡ ಪೆಟ್ಟಾಗುತ್ತದೆ. ಹಳಸಿದ ಕೆಸರಿನಲ್ಲಿ ಕಾಲಿಡುವುದರಿಂದ ಬೆರಳ ಸಂದಿಗಳು ಒದ್ದೆಯಾಗಿ, ತುರಿಕೆ ಉರಿಗಳುಂಟಾಗುವ ರೋಗವನ್ನು ಸುಶ್ರುತರು ‘ಅಲಸ’ವೆಂದು ಕರೆದಿದ್ದಾರೆ. ಮಧುಮೇಹಿಗಳಲ್ಲಿ ಆ ಬಿರುಕೇ ಮಾಯದ ಹುಣ್ಣಾಗಬಹುದು. ತಗ್ಗಿನಲ್ಲಿ ನಿಂತ ನೀರು ಒಂದು ವಾರ, ಹತ್ತು ದಿನ ಹಾಗೆಯೇ ಇದ್ದರೆ ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ. ಟೊಳ್ಳಾದ ಫರಸಿಯ ಅಡಿಯಲ್ಲಿ ಚೇಳು ಮನೆಮಾಡುವುದನ್ನು ನಮ್ಮ ಹಳ್ಳಿಗಳಲ್ಲಿ ಅರಿಯದವರಿಲ್ಲ.

ಖರ್ಚಿನ ಮಾತು ಬರುವುದು ಸಹಜ. ಹಿತ್ತಲೆಲ್ಲವನ್ನೂ ಒಮ್ಮೆಗೇ ಮಾಡಿಸಲಾಗದವರು ಬಾಗಿಲಿನಿಂದ ಬಚ್ಚಲಿನವರೆಗಿನ ಮೂರು ಅಡಿ ಅಗಲದ ದಾರಿಯನ್ನಾದರೂ ಸಮಮಾಡಿಸಲಿ. ಒಂದು ಹಿಡಿಗಂಬಿ, ಒಂದು ದೀಪ ಹಾಕಿಸಲಿ. ನಮಗೆ ನೋವೆನಿಸುವ ಸಂಗತಿ ಬೇರೆಯಿದೆ. ಅತಿಥಿಗಳು ಕುಳಿತುಕೊಳ್ಳುವ ಪಡಸಾಲೆಗೆ ಹೊಳೆಯುವ ನೆಲ ಹಾಕಿಸುವ ನಾವು, ಪಾತ್ರೆ ಬೆಳಗುವ, ಬಟ್ಟೆ ಒಗೆಯುವ, ನೀರು ಹೊರುವ ತಾಯಂದಿರ ಹಿತ್ತಲನ್ನು ಕೊನೆಗೆ ನೆನೆಯುತ್ತೇವೆ. ಅವರ ಕಾಯಕದ ನೆಲ ಅದು.

ನಮ್ಮ ಭಾಗದಲ್ಲಿ ‘ಮಿರಗ’ವೆಂದು ಕರೆಯುವ ಮೃಗಶಿರಾ ಮಳೆ ಜೂನ್ ಎರಡನೆಯ ವಾರಕ್ಕೆ ಆರಂಭ. ನೆಲ ಒಣಗಿರುವ ಈ ದಿನಗಳೇ ಕೆಲಸಕ್ಕೆ ತಕ್ಕ ಕಾಲ. ನಾಳೆ ಬೆಳಿಗ್ಗೆ ಸದ್ಭಕ್ತರು ತಮ್ಮ ಹಿತ್ತಲಿನಲ್ಲಿ ಬರಿಗಾಲಿನಿಂದ ಒಮ್ಮೆ ನಡೆಯಲಿ. ಎಲ್ಲಿ ಕಲ್ಲು ಅಲುಗುವುದೋ ಅಲ್ಲಿ ಸುಣ್ಣದಿಂದ ಗುರುತು ಹಾಕಿ, ಅಂದೇ ಗೌಂಡಿಗೆ ಹೇಳಿ ಕಳಿಸಲಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಕೇಳಲಿ. ಯಾವ ಕಲ್ಲೆಂಬುದು ಅವರಿಗೆ ಗೊತ್ತಿರುತ್ತದೆ.