ಬೆಳಕಿಗೂ ಅಳತೆ ಬೇಡವೇ?

‘ಇದು ನಾಸಾದವರು ಕಂಡುಹಿಡಿದದ್ದು ಸರ್’ ಎಂದಳು ಜಯನಗರದ ವೆಲ್‌ನೆಸ್ ಸ್ಟುಡಿಯೊದ ಹುಡುಗಿ. ಮಂಡಿನೋವಿಗೆ ರೆಡ್ ಲೈಟ್ ಥೆರಪಿ ಮಾಡಿಸಿ ನೋಡಿ ಎಂದು ಗೆಳೆಯರು ದುಂಬಾಲು ಬಿದ್ದಿದ್ದರಿಂದ ಹೋಗಿದ್ದೆ. ಆಕೆಯ ಆ ಮಾತು ಇನ್ನೂ ಕೊರೆಯುತ್ತಿದೆ. ಚಿಕಿತ್ಸೆಯೊಂದಕ್ಕೆ ನಮ್ಮಲ್ಲಿ ಬೆಲೆ ಬರಬೇಕಾದರೆ ಋಷಿಗಳ ಹೆಸರು ಬೇಕು, ಇಲ್ಲವೇ ನಾಸಾದ ಹೆಸರು. ನಡುವೆ ದುಡಿದವರ ನೆನಪು ಯಾರಿಗೂ ಬೇಡ.

ಗಗನನೌಕೆಯಲ್ಲಿ ಗಿಡ ಬೆಳೆಸಲೆಂದು ರೂಪಿಸಿದ ಎಲ್‌ಇಡಿಗಳನ್ನು ನಾಸಾ ನೆರವಿನಲ್ಲಿ ಗಾಯಗಳ ಮೇಲೂ ಪ್ರಯೋಗಿಸಿದ್ದು ನಿಜ. ಆದರೆ ಅದಕ್ಕೆ ಎಷ್ಟೋ ಮೊದಲೇ, 1967ರಲ್ಲಿ, ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೋಳಿಸಿದ ಬೆನ್ನಿಗೆ ಮಂದವಾದ ರೂಬಿ ಲೇಸರ್ ಬಿಟ್ಟಿದ್ದರು. ಕೂದಲು ಬೇಗ ಬೆಳೆಯಿತು.

ಅದಕ್ಕೂ ಹಿಂದಿನವರು ನನಗೆ ಪ್ರಿಯರಾದ ನೀಲ್ಸ್ ಫಿನ್ಸೆನ್. ಫ್ಯಾರೊ ದ್ವೀಪಗಳಲ್ಲಿ ಹುಟ್ಟಿ ಕೋಪನ್‌ಹೇಗನ್‌ನಲ್ಲಿ ನೆಲೆಸಿದ ಈ ವೈದ್ಯ ಸ್ವತಃ ಕಾಯಿಲೆಯ ಮನುಷ್ಯ. ಉತ್ತರಕ್ಕೆ ಮುಖ ಮಾಡಿದ ಮನೆಯಲ್ಲಿ ರಕ್ತಹೀನತೆಯಿಂದ ಬಳಲುತ್ತ, ಬಿಸಿಲು ಬಿದ್ದರೆ ಚೇತರಿಸಿಕೊಂಡೇನು ಎಂದು ಯೋಚಿಸತೊಡಗಿದರು. 1893ರಲ್ಲಿ ಸಿಡುಬಿನ ರೋಗಿಗಳನ್ನು ಕೆಂಪು ಪರದೆಯ ಕೋಣೆಯಲ್ಲಿಡಿ ಎಂದರು. ಹದಿನಾಲ್ಕನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಜಾನ್ ಆಫ್ ಗ್ಯಾಡ್ಸ್‌ಡೆನ್ ರಾಜಕುಮಾರನಿಗೆ ಸಿಡುಬೆದ್ದಾಗ ಕೆಂಪು ಬಟ್ಟೆ ಸುತ್ತಿಸಿದ್ದ. ಆದರೆ ಫಿನ್ಸೆನ್ ಅವರ ತರ್ಕವೇ ಬೇರೆ. ಕೆಂಪು ಗುಣಪಡಿಸುತ್ತದೆಂದು ಅವರು ಹೇಳಲಿಲ್ಲ. ನೀಲಿ, ನೇರಳೆ ಕಿರಣಗಳು ಗುಳ್ಳೆಗಳನ್ನು ಕೆರಳಿಸುತ್ತವೆ, ಫೋಟೊ ತೊಳೆಯುವ ಕೋಣೆಯ ಹಾಗೆ ಅವನ್ನು ಹೊರಗಿಡಬೇಕು ಎಂದರು. 1903ರ ನೊಬೆಲ್ ಅವರಿಗೆ ಸಂದದ್ದೂ ಕೆಂಪಿಗಲ್ಲ. ಒಟ್ಟುಗೂಡಿಸಿದ ಪ್ರಖರ ಬೆಳಕಿನಿಂದ ಚರ್ಮದ ಕ್ಷಯಕ್ಕೆ ಮಾಡಿದ ಚಿಕಿತ್ಸೆಗೆ. ಮರುವರ್ಷವೇ ತೀರಿಕೊಂಡರು.

ಇಷ್ಟು ಬರೆಯುವಾಗ ಹೊಳೆಯಿತು: ಯಾರು ಮೊದಲು ಎಂಬುದು ನಿಜವಾದ ಪ್ರಶ್ನೆಯಲ್ಲ. ಯಾವ ಕಿರಣ, ಎಷ್ಟು ಎಂಬುದು ಪ್ರಶ್ನೆ. ಸ್ಟುಡಿಯೊದಲ್ಲಿ ಆಳೆತ್ತರದ ಪ್ಯಾನೆಲ್ ಉರಿಯುತ್ತಿತ್ತು. ಅರ್ಧ ಬಲ್ಬು ಕೆಟ್ಟಿವೆ ಎಂದು ಪಕ್ಕದವರೊಬ್ಬರು ದೂರಿದರು. ಕೆಟ್ಟಿರಲಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನವು ಅವು. ಪ್ಯಾನೆಲ್‌ನಿಂದ ಗೇಣು ದೂರ ನಿಲ್ಲಬೇಕೋ ಮೊಳ ದೂರವೋ ಎಂದು ಕೇಳಿದೆ. ‘ನಿಮಗೆ ಹಿತವಾದಷ್ಟು’ ಎಂದಳು. ತರಂಗಾಂತರ 660, 850 ನ್ಯಾನೊಮೀಟರ್ ಎಂದು ಗೋಡೆಯ ಮೇಲಿತ್ತು. ಚರ್ಮದ ಒಂದೊಂದು ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಬೀಳುತ್ತದೆಂದು ಎಲ್ಲೂ ಇರಲಿಲ್ಲ. ಜೀವಕೋಶದ ಮೈಟೊಕಾಂಡ್ರಿಯಾಗಳು ಈ ಬೆಳಕಿಗೆ ಸ್ಪಂದಿಸುವುದು ಒಂದು ಮಿತಿಯೊಳಗೆ. ಕಡಿಮೆಯಾದರೆ ಏನೂ ಆಗದು, ಅತಿಯಾದರೆ ಬಂದ ಫಲವೂ ಹೋಗುತ್ತದೆ. ದೂರ ಬದಲಾದರೆ ಪ್ರಮಾಣವೂ ಬದಲು. ಹಿತ ಇಲ್ಲಿ ಅಳತೆಗೋಲಾಗದು.

ಅಳತೆಯಿಟ್ಟು ಕೊಡುವ ಕಡೆಯೂ ಇದೆ. ತಲೆ-ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಕೊಟ್ಟಾಗ ಬಾಯೊಳಗೆಲ್ಲ ಹುಣ್ಣಾಗಿ ಗಂಜಿಯೂ ಇಳಿಯುವುದಿಲ್ಲ. ಆ ಹುಣ್ಣು ತಡೆಯಲು ಇದೇ ಬೆಳಕನ್ನು ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಗಳು ಶಿಫಾರಸು ಮಾಡುತ್ತವೆ; ತರಂಗಾಂತರ, ಜೂಲ್, ಎಲ್ಲವನ್ನೂ ನಮೂದಿಸಿ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಇಷ್ಟೊಂದಿರುವ ನಮ್ಮ ನಾಡಿನಲ್ಲಿ ಈ ಬೆಳಕು ಮೊದಲು ತಲುಪಬೇಕಾದದ್ದು ಆ ಬಾಯಿಗಳಿಗೆ. ನನ್ನ ಮಂಡಿಯ ಸರದಿ ಆಮೇಲೆ.