ಗಾಡಿಗೆ ಲಕ್ಷ ಸುರಿಯೋ ಮುಂಚೆ ಬೂಟಿಗೆ ಹತ್ತು ಸಾವಿರ ಎತ್ತಿಡಿ: ಹಳ್ಳಿ ಕಡೆ ಮೋಟೋಕ್ರಾಸ್ ಕಲಿಯೋರ ಲೆಕ್ಕಾಚಾರ

ಹುಲಿಕೆರೆ: ಬೇಸಿಗೆ ಬಂತು ಅಂದ್ರೆ ಹಳೇಬೀಡು, ಬೇಲೂರು, ಅರಸೀಕೆರೆ ಸೀಮೆಯ ಕೆರೆಗಳಲ್ಲಿ ನೀರು ತಳ ಸೇರುತ್ತೆ. ಒಣಗಿದ ಕೆರೆಯಂಗಳ, ಏರಿಯ ಇಳಿಜಾರು ಕಂಡ್ರೆ ಬೈಕ್ ಇರೋರ ಕೈ ಸುಮ್ಮನಿರಲ್ಲ. ಮೊಬೈಲಲ್ಲಿ ನೋಡಿದ ಜಂಪ್ ಅನ್ನು ತಾನೂ ಒಂದ್ಸಲ ಹಾರಿಸಿ ನೋಡೋಣ ಅನ್ನಿಸುತ್ತೆ. ಈ ಆಸೆ ಹದಿನೆಂಟರ ಹುಡುಗರಿಗೆ ಮಾತ್ರ ಬರೋದಲ್ಲ. ಕೈಗೆ ಸಂಬಳ ಬರೋಕೆ ಶುರುವಾದ ಮೇಲೆ, 25ರಿಂದ 35 ವರ್ಷದೊಳಗೆ, ಅಂಗಡಿ, ತೋಟ, ಡ್ರೈವಿಂಗ್ ಅಂತ ದುಡಿಯೋರಿಗೂ ಬರುತ್ತೆ.

ಆಸೆಯಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿ ತಪ್ಪಾಗ್ತಿದೆ. "ಎಷ್ಟಕ್ಕೆ ಗಾಡಿ ಸಿಗುತ್ತೆ?" ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ತಾಲ್ಲೂಕು ಮಟ್ಟದಲ್ಲಿ ಕಮ್ಮಿ ದುಡ್ಡಲ್ಲಿ ಶುರು ಮಾಡೋನ ಹಣೆಬರಹ ನಿರ್ಧಾರ ಆಗೋದು ಗಾಡಿಯಿಂದಲ್ಲ, ಮೈಮೇಲೆ ಏನು ಹಾಕ್ಕೊಂಡಿದ್ದಾನೆ ಮತ್ತು ಯಾವ ಜಾಗದಲ್ಲಿ ಓಡಿಸ್ತಾನೆ ಅನ್ನೋದರಿಂದ.

ಮೋಟೋಕ್ರಾಸ್ ಅಂದ್ರೆ ಯಾವುದು?

ಮಣ್ಣಲ್ಲಿ ಓಡಿಸಿದ್ದೆಲ್ಲ ಮೋಟೋಕ್ರಾಸ್ ಅಲ್ಲ. ಸುತ್ತ ಬಂದೋಬಸ್ತ್ ಮಾಡಿದ ಮಣ್ಣಿನ ಟ್ರ್ಯಾಕಲ್ಲಿ, ಏರು, ಇಳಿಜಾರು, ತಿರುವು, ಜಂಪ್‌ಗಳ ಮೇಲೆ ಹಲವರು ಒಟ್ಟಿಗೆ ಹೊರಡೋ ಸ್ಪರ್ಧೆಗೆ ಮೋಟೋಕ್ರಾಸ್ ಅಂತಾರೆ. ಇದರ ಬೇರು ಬ್ರಿಟನ್ನಿನಲ್ಲಿ 1924ರಲ್ಲಿ ನಡೆದ 'ಸ್ಕ್ರ್ಯಾಂಬಲ್' ಸ್ಪರ್ಧೆಗಳಲ್ಲಿದೆ. ಸ್ಟೇಡಿಯಂ ಒಳಗೆ ಮಣ್ಣು ಸುರಿದು ಟ್ರ್ಯಾಕ್ ಕಟ್ಟಿದ್ರೆ ಅದು ಸೂಪರ್‌ಕ್ರಾಸ್. ದಿನಗಟ್ಟಲೆ ಮರಳುಗಾಡು, ಬೆಟ್ಟ ದಾಟೋದು ರ‍್ಯಾಲಿ. ಸುಮ್ಮನೆ ತೋಟದ ದಾರಿ, ಬಂಡಿಜಾಡಿನಲ್ಲಿ ಓಡಿಸೋದು ಟ್ರೇಲ್ ರೈಡಿಂಗ್.

ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿ, ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಅನ್ನಿಸಿಕೊಂಡ್ರು. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿಯನ್ನು 37ನೇ ಸ್ಥಾನದಲ್ಲಿ ಮುಗಿಸಿದ್ರು. ಬಿಗ್ ಬಾಸ್ ನೋಡೋರಿಗೆ ಅವರ ಮುಖ ಪರಿಚಯ ಇದ್ದೇ ಇದೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ರು. 2024ರಲ್ಲಿ ಶುರುವಾದ ಇಂಡಿಯನ್ ಸೂಪರ್‌ಕ್ರಾಸ್ ಲೀಗ್‌ನ ಮೊದಲ ಸೀಸನ್‌ನಲ್ಲಿ ಬೆಂಗಳೂರಲ್ಲೂ ಸ್ಪರ್ಧೆ ನಡೀತು.

ಇವರ ಹಿಂದೆ ವರ್ಷಾನುಗಟ್ಟಲೆ ಅಭ್ಯಾಸ, ಕಂಪನಿ ತಂಡ, ಮೆಕ್ಯಾನಿಕ್, ವೈದ್ಯರು ಇದ್ರು. ಅಷ್ಟೆಲ್ಲ ಇದ್ದೂ 2021ರ ಡಕಾರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ಗಂಭೀರ ಪೆಟ್ಟು ಮಾಡಿಕೊಂಡ್ರು. ಮೂವತ್ತನೇ ವಯಸ್ಸಲ್ಲಿ ಶುರು ಮಾಡೋನು ಕಪ್ ಗೆಲ್ಲೋ ಲೆಕ್ಕ ಬಿಟ್ಟು, ವರ್ಷ ಕಳೆದ್ರೂ ಮೂಳೆ ಮುರೀದೆ ಓಡಿಸೋದನ್ನೇ ಗುರಿ ಇಟ್ಕೊಂಡ್ರೆ ಒಳ್ಳೇದು.

ಗಾಡಿ: ಎಂಟು ಲಕ್ಷದ್ದು ಬೇಕಾಗಿಲ್ಲ

ಅಸಲಿ ಮೋಟೋಕ್ರಾಸ್ ಬೈಕ್ ಅಂದ್ರೆ ಕವಾಸಕಿ ಕೆಎಕ್ಸ್ 250 ಥರದ್ದು. ತೂಕ 110 ಕೆ.ಜಿ. ಆಸುಪಾಸು, ಶಾಕ್ ಅಬ್ಸಾರ್ಬರ್ ಸುಮಾರು 300 ಮಿ.ಮೀ. ಒಳಗೆ ಹೋಗಿ ಬರುತ್ತೆ. ಬೆಲೆ ಎಂಟು ಲಕ್ಷದ ಹತ್ತಿರ. ಇದಕ್ಕೆ ಆರ್‌ಟಿಒ ನಂಬರ್ ಸಿಗಲ್ಲ, ರಸ್ತೆಗೆ ಇಳಿಸೋ ಹಾಗಿಲ್ಲ. ಟ್ರ್ಯಾಕ್‌ವರೆಗೂ ಪಿಕಪ್ ಗಾಡಿಯಲ್ಲೇ ಸಾಗಿಸಬೇಕು. ಕಲಿಯೋನಿಗೆ ಇದು ಬೇಡವೇ ಬೇಡ.

ಕೈಗೆಟುಕೋದು ಹೀರೋ ಎಕ್ಸ್‌ಪಲ್ಸ್. 2019ರಲ್ಲಿ ಬಂದ ಎಕ್ಸ್‌ಪಲ್ಸ್ 200ರ ನೆಲದಿಂದ ಎತ್ತರ 220 ಮಿ.ಮೀ., ಮುಂದಿನ ಶಾಕ್ 190 ಮಿ.ಮೀ., ಹಿಂದಿನದು 170 ಮಿ.ಮೀ. ನಂಬರ್ ಪ್ಲೇಟ್ ಇರುತ್ತೆ, ಸ್ಪೇರ್ಸ್ ಹಾಸನದಲ್ಲೇ ಸಿಗುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಕಂಡೀಷನ್ ನೋಡ್ಕೊಂಡು ಅಂದಾಜು 80 ಸಾವಿರದಿಂದ ಒಂದೂಕಾಲು ಲಕ್ಷದೊಳಗೆ ಬರುತ್ತೆ. ಅದಕ್ಕೂ ಮುಂಚೆ 2011ರಲ್ಲಿ ಬಂದಿದ್ದ ಹೀರೋ ಇಂಪಲ್ಸ್ ಇನ್ನೂ ಅಗ್ಗಕ್ಕೆ ಸಿಗಬಹುದು, ಆದ್ರೆ ಕಂಪನಿ ಅದನ್ನು ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಸ್ಪೇರ್ಸ್ ಹುಡುಕಿಕೊಂಡು ಅಲೆಯಬೇಕು. ಕವಾಸಕಿ ಕೆಎಲ್‌ಎಕ್ಸ್ 230 ಡಿಸೆಂಬರ್ 2024ರಲ್ಲಿ 3.30 ಲಕ್ಷಕ್ಕೆ ಬಂದು ಆಮೇಲೆ ಬೆಲೆ ಇಳಿಸಿಕೊಂಡಿದೆ. ಗಾಡಿ ಚೆನ್ನಾಗಿದೆ, ಆದ್ರೆ ಮೊದಲ ಗಾಡಿಗೆ ಅಷ್ಟು ಹಾಕೋದು ಅವಸರ.

ಆರ್‌ಎಕ್ಸ್ 100 ಹುಚ್ಚಿನೋರಿಗೂ ಒಂದು ಮಾತು. 1996ಕ್ಕೇ ಉತ್ಪಾದನೆ ನಿಂತ ಗಾಡಿ ಅದು. ಒಳ್ಳೆ ಕಂಡೀಷನ್ ಇದ್ರೆ ಮಾಲೀಕ ಕೇಳಿದ್ದೇ ರೇಟು. ಅಷ್ಟು ಕೊಟ್ಟು ತಂದು ಮಣ್ಣಲ್ಲಿ ಬೀಳಿಸೋದಕ್ಕೆ ಅರ್ಥ ಇಲ್ಲ.

ಇನ್ನು ಮನೇಲಿರೋ ಸ್ಪ್ಲೆಂಡರ್. ಅದರ ಎತ್ತರ 165 ಮಿ.ಮೀ. ಅಷ್ಟೇ. ನಿಧಾನಕ್ಕೆ ನಿಂತು ಓಡಿಸೋ ಅಭ್ಯಾಸ, ಬ್ರೇಕ್ ಅಭ್ಯಾಸ ಮಾಡಬಹುದು. ಹಾರಿಸೋಕೆ ಹೋದ್ರೆ ಫೋರ್ಕ್ ಬಗ್ಗುತ್ತೆ, ರಿಮ್ ಮುರಿಯುತ್ತೆ. ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೂ, ಮಗುನ ಸ್ಕೂಲಿಗೆ ಬಿಡೋಕೂ ಇರೋದು ಅದೊಂದೇ ಗಾಡಿ ಅಂದ್ರೆ, ಆಟದ ಖರ್ಚು ಇಡೀ ಮನೆ ಮೇಲೆ ಬೀಳುತ್ತೆ. ಎಕ್ಸ್‌ಪಲ್ಸ್ ಕೂಡ ಸುಮಾರು 158 ಕೆ.ಜಿ. ಇರೋ ರಸ್ತೆ ಗಾಡಿನೇ. ಸಣ್ಣ ದಿಬ್ಬ ತಡ್ಕೊಳುತ್ತೆ, ಯೂಟ್ಯೂಬ್‌ನಲ್ಲಿ ಕಾಣೋ ಜಂಪ್ ತಡ್ಕೊಳಲ್ಲ.

ಮೈಮೇಲಿನ ಸಾಮಾನು: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಐಎಸ್‌ಐ ಗುರುತಿರೋ ಡರ್ಟ್ ಹೆಲ್ಮೆಟ್ 3ರಿಂದ 5 ಸಾವಿರ. ಧೂಳಿಗೆ ಗಾಗಲ್ಸ್ ಒಂದರಿಂದ ಎರಡು ಸಾವಿರ. ಮೊಣಕಾಲು, ಮೊಣಕೈ ಗಾರ್ಡ್ ಸೇರಿ 3 ಸಾವಿರದ ಆಸುಪಾಸು. ಎದೆ, ಬೆನ್ನಿಗೆ ಗಾರ್ಡ್ 4ರಿಂದ 6 ಸಾವಿರ. ಗ್ಲೌಸ್ ಒಂದೂವರೆ ಸಾವಿರ. ಗಟ್ಟಿ ಬೂಟು ಅಂದಾಜು 8 ಸಾವಿರದಿಂದ ಮೇಲಕ್ಕೆ. ಎಲ್ಲ ಕೂಡಿಸಿದ್ರೆ 25 ಸಾವಿರದ ಹತ್ತಿರ ಬಂತು. ಇವು ಸ್ಥೂಲ ಅಂದಾಜು, ಬ್ರ್ಯಾಂಡ್ ಮೇಲೆ ಹೆಚ್ಚುಕಮ್ಮಿ ಆಗುತ್ತೆ.

ಎಲ್ಲರೂ ಮೊದಲು ಕೈಬಿಡೋದು ಬೂಟನ್ನೇ. ಮಣ್ಣಲ್ಲಿ ಗಾಡಿ ಬೀಳೋದು ಜಾಸ್ತಿ ನಿಧಾನದ ತಿರುವಲ್ಲಿ. ಆಗ ಕಾಲು ಕೆಳಗಿಟ್ಟ ಕೂಡಲೇ ಒಂದೂವರೆ ಕ್ವಿಂಟಾಲ್ ಗಾಡಿ ಹಿಮ್ಮಡಿಗಂಟಿನ ಮೇಲೆ ಕೂರುತ್ತೆ. ಕ್ಯಾನ್ವಾಸ್ ಶೂ, ಚಪ್ಪಲಿ ಏನೂ ಮಾಡಲ್ಲ. ಸೆಕೆಂಡ್ ಹ್ಯಾಂಡ್ ಬೂಟು, ಗಾರ್ಡ್ ತಗೊಂಡ್ರೂ ಪರವಾಗಿಲ್ಲ. ಹೆಲ್ಮೆಟ್ ಮಾತ್ರ ಹೊಸದೇ ಬೇಕು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡ್ರೂ ಒಳಗಿನ ಥರ್ಮಾಕೋಲ್ ಕುಗ್ಗಿರುತ್ತೆ.

ದಿನಗೂಲಿ ಲೆಕ್ಕದಲ್ಲಿ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ಈ ಆಟದಲ್ಲಿ ಕಾಲರ್ ಬೋನ್ ಮುರಿಯೋದು ಮಾಮೂಲಿ. ಕೂಡಿಕೊಳ್ಳೋಕೆ ಆರರಿಂದ ಹನ್ನೆರಡು ವಾರ ಬೇಕು. ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡೋನೊಬ್ಬ ದಿನಕ್ಕೆ 800 ರೂಪಾಯಿ ದುಡೀತಾನೆ ಅಂತಿಟ್ಕೊಳ್ಳಿ. ಎರಡು ತಿಂಗಳು ಶಟರ್ ಎಳೆದ್ರೆ 48 ಸಾವಿರ ಹೋಯ್ತು. ಆಸ್ಪತ್ರೆ ಖರ್ಚು, ಅಂಗಡಿ ಬಾಡಿಗೆ ಬೇರೆ. 25 ಸಾವಿರದ ಸಾಮಾನು ಆಗ ದುಬಾರಿ ಅನ್ನಿಸಲ್ಲ.

ಗಾಡಿ ಇನ್ಶೂರೆನ್ಸ್ ಇದೆಯಲ್ಲ ಅಂತ ನಂಬಿ ಕೂರೋ ಹಾಗೂ ಇಲ್ಲ. ರೇಸ್, ವೇಗದ ಪರೀಕ್ಷೆಯಂಥ ಬಳಕೆಯನ್ನು ಮಾಮೂಲಿ ಗಾಡಿ ಪಾಲಿಸಿ ಹೊರಗಿಡುತ್ತೆ. ಆರೋಗ್ಯ ವಿಮೆಯಲ್ಲೂ ಸಾಹಸ ಕ್ರೀಡೆ ಬಗ್ಗೆ ಷರತ್ತು ಇರುತ್ತೆ, ಸಹಿ ಮಾಡೋ ಮುಂಚೆ ಏಜೆಂಟರ ಹತ್ರ ಕೇಳಿಕೊಳ್ಳಬೇಕು.

ಜಾಗ: ಅಸಲಿ ಸಮಸ್ಯೆ ಇರೋದೇ ಇಲ್ಲಿ

ಗಾಡಿ ಬಂತು, ಬೂಟು ಬಂತು. ಓಡಿಸೋದೆಲ್ಲಿ?

ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ದೆ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ 5 ಸಾವಿರದವರೆಗೆ ದಂಡ, ಅಥವಾ ಎರಡೂ. ಸೈಲೆನ್ಸರ್ ಬಿಚ್ಚೋದು, ನಿಯಮ ಮೀರಿ ಗಾಡಿ ಆಲ್ಟರ್ ಮಾಡೋದಕ್ಕೆ 182ಎ ಸೆಕ್ಷನ್‌ನಡಿ ಒಂದೊಂದು ಬದಲಾವಣೆಗೂ 5 ಸಾವಿರ ದಂಡ ಬೀಳಬಹುದು. ಹದಿನೆಂಟು ತುಂಬದ ತಮ್ಮನ ಕೈಗೆ ಗಾಡಿ ಕೊಟ್ರೆ ಮಾಲೀಕನಿಗೆ 25 ಸಾವಿರ ದಂಡ, ಜೊತೆಗೆ ಮೂರು ವರ್ಷದವರೆಗೆ ಜೈಲಿಗೂ ಅವಕಾಶ ಇದೆ.

ಕೆರೆಯಂಗಳ ಖಾಲಿ ಕಂಡ್ರೂ ಯಾರದ್ದೂ ಅಲ್ಲದ ಜಾಗ ಅಲ್ಲ. ಅಲ್ಲಿ ದನ ಮೇಯ್ತಾವೆ, ಗೋಡು ತೆಗೆದ ಗುಂಡಿ ಇರ್ತಾವೆ, ಮೇಲೆ ಒಣಗಿ ಒಳಗೆ ಕೆಸರಿರೋ ಕಡೆ ಮುಂದಿನ ಚಕ್ರ ಹೂತು ಸವಾರ ಮುಂದಕ್ಕೆ ಹಾರ್ತಾನೆ. ಏರಿ ಮೇಲೆ ಓಡಿಸಿ ಓಡಿಸಿ ಮಣ್ಣು ಸಡಿಲ ಆದ್ರೆ ಮಳೆಗಾಲದಲ್ಲಿ ನಷ್ಟ ರೈತರಿಗೆ. ಮೀಸಲು ಅರಣ್ಯಕ್ಕೆ ಬೈಕ್ ನುಗ್ಗಿಸಿದ್ರೆ ಕೇಸು. ಬಿಕ್ಕೋಡು, ಅರೇಹಳ್ಳಿ ಕಡೆ ತೋಟದ ದಾರಿಯಲ್ಲಿ ಆನೆ ಕಾಟ ಏನು ಅನ್ನೋದು ಬೇಲೂರಿನೋರಿಗೆ ಹೇಳಬೇಕಾಗಿಲ್ಲ. ಹುಲಿಕೆರೆಯಲ್ಲಂತೂ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಈ ಸೀಮೆ ಮೇಲೆ ಎಲ್ಲರ ಕಣ್ಣಿದೆ. ಅಂಥ ಜಾಗದ ಅಕ್ಕಪಕ್ಕ ಧೂಳೆಬ್ಬಿಸೋದು ಬೇಡ.

ಉಳಿದಿರೋ ದಾರಿ ಎರಡು. ಮೊದಲನೇದು, ಕಟ್ಟಿದ ಟ್ರ್ಯಾಕಿಗೆ ಹೋಗೋದು. ಸಂತೋಷ್ ಅವರು ಕೋಲಾರ ಸೀಮೆಯಲ್ಲಿ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್‌ನಲ್ಲಿ ತರಬೇತಿ ಕೊಡ್ತಾರೆ, ಬಾಡಿಗೆಗೆ ಬೈಕ್ ಕೂಡ ಸಿಗುತ್ತೆ. ಹುಲಿಕೆರೆಯಿಂದ ಬೆಂಗಳೂರು ದಾಟಿ ಹೋಗಬೇಕು ನಿಜ. ಆದ್ರೂ ಗಾಡಿ ಕೊಳ್ಳೋ ಮುಂಚೆ ಒಂದು ದಿನ ಹೋಗಿ ಕಲಿತು ಬಂದ್ರೆ ಈ ಆಟ ತನಗೆ ಆಗುತ್ತೋ ಇಲ್ವೋ ಅನ್ನೋದು ಗೊತ್ತಾಗುತ್ತೆ. ಆಗಲ್ಲ ಅನ್ನಿಸಿದ್ರೆ ಲಕ್ಷ ಉಳೀತು.

ಎರಡನೇದು, ಖಾಸಗಿ ಹೊಲ. ಡಿಸೆಂಬರ್ ಹೊತ್ತಿಗೆ ರಾಗಿ ಕುಯ್ಲು ಮುಗಿದ್ರೆ ಮುಂಗಾರು ಪೂರ್ವ ಮಳೆ ಬೀಳೋವರೆಗೆ ಎಷ್ಟೋ ಖುಷ್ಕಿ ಹೊಲ ಖಾಲಿ ಇರ್ತಾವೆ. ಆರು ಜನ ಸೇರಿ ತಿಂಗಳಿಗೆ ತಲಾ ಸಾವಿರ ಹಾಕಿದ್ರೂ ಒಂದು ಎಕರೆ ಹೊಲದೋನಿಗೆ 6 ಸಾವಿರ ಆಯ್ತು. ಬಿಡುವಾಗ ಟ್ರ್ಯಾಕ್ಟರಲ್ಲಿ ಒಂದು ಸಾಲು ಉಳುಮೆ ಮಾಡಿಸಿಕೊಡ್ತೀವಿ ಅಂತ ಮೊದಲೇ ಬರೆದುಕೊಡಬೇಕು, ಯಾಕಂದ್ರೆ ಚಕ್ರ ಓಡಿ ನೆಲ ಗಟ್ಟಿಯಾಗಿರುತ್ತೆ. ಪಕ್ಕದ ಹೊಲದೋರ ಒಪ್ಪಿಗೆ ಬೇಕು, ಧೂಳಿಗೆ ನೀರು ಹೊಡೆಸಬೇಕು. ದನ ಮನೆಗೆ ಬರೋ ಹೊತ್ತು, ಮಕ್ಕಳ ಪರೀಕ್ಷೆ ದಿನ ಗಾಡಿ ಸ್ಟಾರ್ಟ್ ಮಾಡಬಾರದು. ಟಿಕೆಟ್ಟು, ಬಹುಮಾನ ಅಂತ ಸ್ಪರ್ಧೆ ಮಾಡೋದಾದ್ರೆ ಲೆಕ್ಕವೇ ಬೇರೆ. ಅದಕ್ಕೆ ಆಡಳಿತ, ಪೊಲೀಸ್ ಅನುಮತಿ ಮತ್ತು ದೇಶದ ಮೋಟಾರು ಕ್ರೀಡೆ ನೋಡಿಕೊಳ್ಳೋ ಎಫ್‌ಎಂಎಸ್‌ಸಿಐ ಒಪ್ಪಿಗೆ ಬೇಕು.

ಮೊದಲ ತಿಂಗಳು ಜಂಪ್ ಇಲ್ಲ

ಮೊದಲು ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡಿದು, ಮೊಣಕೈ ಎತ್ತಿ, ಚಕ್ರದ ಮುಂದಲ್ಲ, ದೂರ ನೋಡ್ತಾ ಓಡಿಸೋದು ಬರಬೇಕು. ಆಮೇಲೆ ಎರಡು ಕಲ್ಲಿಟ್ಟು ಎಂಟರ ಆಕಾರದಲ್ಲಿ ನಿಧಾನಕ್ಕೆ ಸುತ್ತೋದು. ಆಮೇಲೆ ಮಣ್ಣಲ್ಲಿ ಎರಡೂ ಬ್ರೇಕ್ ಹದವಾಗಿ ಹಿಡಿಯೋದು. ಇಷ್ಟು ಕೈಗೆ ಕೂತ ಮೇಲೆ ಮೊಣಕಾಲೆತ್ತರದ ದಿಬ್ಬ ಉರುಳಿಸೋದು, ಹಾರಿಸೋದಲ್ಲ.

ಟೈರ್ ಗಾಳಿ ಸ್ವಲ್ಪ ಇಳಿಸಿದ್ರೆ ಹಿಡಿತ ಸಿಗುತ್ತೆ, ತುಂಬ ಇಳಿಸಿದ್ರೆ ಟ್ಯೂಬ್ ಕಚ್ಚಿ ಪಂಕ್ಚರ್ ಆಗುತ್ತೆ. ರಸ್ತೆಗೆ ಬರೋ ಮುಂಚೆ ಮತ್ತೆ ತುಂಬಿಸಬೇಕು. ಧೂಳಲ್ಲಿ ಓಡಿಸಿದ ಪ್ರತಿ ಸಲವೂ ಏರ್ ಫಿಲ್ಟರ್ ತೆಗೆದು ನೋಡಬೇಕು. ಫಿಲ್ಟರ್ ಮರೆತೋನು ಬೋರ್ ಕೆಲಸಕ್ಕೆ ದುಡ್ಡು ಕೊಡ್ತಾನೆ.

ಒಬ್ಬನೇ ಹೋಗೋದು ಬೇಡ. ಹಳೇಬೀಡಿನಿಂದ ಹಾಸನಕ್ಕೆ 30 ಕಿ.ಮೀ. ಮೇಲಿದೆ. ಬಿದ್ದೋನ ಹೆಲ್ಮೆಟ್ ಎಳೆದಾಡದೆ 108ಕ್ಕೆ ಫೋನ್ ಮಾಡೋಕೆ ಜೊತೆಗೊಬ್ಬ ಬೇಕು, ಆ ಜಾಗದಲ್ಲಿ ನೆಟ್‌ವರ್ಕ್ ಸಿಗುತ್ತಾ ಅಂತ ಮೊದಲೇ ನೋಡಿರಬೇಕು.

ಅಂಗಡಿಯೋರ ಪಾಲು

ಇದರಲ್ಲಿ ಊರಿಗೂ ವ್ಯಾಪಾರ ಇದೆ. ಟೈರು, ಚೈನು, ಕ್ಲಚ್ ಕೇಬಲ್, ಲಿವರ್ ಮಣ್ಣಲ್ಲಿ ಬೇಗ ಸವೀತಾವೆ, ಮುರೀತಾವೆ. ಪಂಕ್ಚರ್ ಅಂಗಡಿ, ಗ್ಯಾರೇಜು, ಹೋಟೆಲ್‌ಗೂ ಗಿರಾಕಿ ಆಗುತ್ತೆ. ಆದ್ರೆ ಕರ್ಕಶ ಸೈಲೆನ್ಸರ್ ಮಾರೋ ಅಂಗಡಿಗಿಂತ ಗಾರ್ಡ್, ಬೂಟು ತರಿಸಿಕೊಡೋ ಅಂಗಡಿಗೆ ಗಿರಾಕಿ ಬಹಳ ದಿನ ಉಳೀತಾನೆ. ಕಾಲು ಮುರ್ಕೊಂಡು ಮನೇಲಿ ಕೂತೋನು ಯಾವ ಅಂಗಡಿಗೂ ಬರಲ್ಲ.

ಒಟ್ಟು ಲೆಕ್ಕ ಹೀಗೆ: ಒಂದು ದಿನದ ತರಬೇತಿ, 25 ಸಾವಿರದ ಸಾಮಾನು, ಆರು ಜನ ಸೇರಿ ಹಿಡಿದ ಒಂದು ಎಕರೆ ಹೊಲ, ಕೊನೆಗೆ ಸೆಕೆಂಡ್ ಹ್ಯಾಂಡ್ ಗಾಡಿ. ಇದೇ ಪಟ್ಟಿಯನ್ನು ಉಲ್ಟಾ ಮಾಡಿ, ಮೊದಲು ಸಾಲದಲ್ಲಿ ಗಾಡಿ ತಂದು ಕೆರೆಯಂಗಳಕ್ಕೆ ಇಳಿಸಿದೋರಿಗೆ ಖರ್ಚು ಕಮ್ಮಿ ಆಗಿರಲ್ಲ. ಕಂತು ಕಟ್ಟೋ ದಿನ ಬಂದಾಗ ಕೈ ಪ್ಲಾಸ್ಟರ್‌ನಲ್ಲಿದ್ರೆ ಆ ದುಡ್ಡು ಹೊಂದಿಸಬೇಕಾಗೋದು ಮನೆಯೋರೇ.